ಕಂಪ್ಯೂಟರ್ ಕನ್ನಡಕದಿಂದ ಕಣ್ಣುರಿ ನಿಜವಾಗಲೂ ಕಡಿಮೆಯಾಗುತ್ತದಾ? ಬ್ಲೂ ಕಟ್‌ಗೆ ದುಡ್ಡು ಹಾಕಬೇಕಾ?

ಸೊಸೈಟಿ_ಲೆಕ್ಕಿಗ (ಶಿವಮೊಗ್ಗ):
ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಕೂತರೆ ಸಂಜೆವರೆಗೂ ಟ್ಯಾಲಿ, ಎಕ್ಸೆಲ್ ಬಿಟ್ಟು ಬೇರೆ ಇಲ್ಲ. ಊಟ ಮುಗಿಸಿ ಬಂದ ಮೇಲೆ ಕಣ್ಣು ಉರಿಯಲು ಶುರುವಾಗುತ್ತದೆ. ನಾಲ್ಕು ಗಂಟೆ ಹೊತ್ತಿಗೆ 3 ಯಾವುದು, 8 ಯಾವುದು ಅಂತ ಕತ್ತು ಮುಂದೆ ಚಾಚಿ ನೋಡಬೇಕು. ಹುಬ್ಬಿನ ಮೇಲೆ ಭಾರ. ಕುತ್ತಿಗೆ ನೋವು ಬೋನಸ್.

ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ. ಓದಲು ಮಾತ್ರ ಚಾಳೀಸು ಬಂದಿದೆ. ಬಸ್ ಸ್ಟ್ಯಾಂಡ್ ಪಕ್ಕ ತಗೊಂಡ +2 ರೆಡಿಮೇಡ್ ಕನ್ನಡಕ ಇದೆ, ಅದನ್ನೇ ಆಫೀಸಿನಲ್ಲೂ ಹಾಕುತ್ತೇನೆ. ಮೊನ್ನೆ ಒಂದು ಕನ್ನಡಕದ ಅಂಗಡಿಗೆ ಹೋದೆ. "ಸರ್, ನಿಮಗೆ ಬೇಕಾಗಿರುವುದು ಕಂಪ್ಯೂಟರ್ ಗ್ಲಾಸ್. ನೀಲಿ ಬೆಳಕು ತಡೆಯುವ ಬ್ಲೂ ಕಟ್ ಲೆನ್ಸು ಹಾಕಿಸಿ, ಎಲ್ಲ ಸರಿಹೋಗುತ್ತದೆ" ಅಂದರು. ನೀಲಿ ಟಾರ್ಚ್ ಬಿಟ್ಟು ತೋರಿಸಿದರು ಕೂಡ. ಮಾಮೂಲಿ ಲೆನ್ಸಿಗಿಂತ ಸಾವಿರದ ಇನ್ನೂರು ರೂಪಾಯಿ ಜಾಸ್ತಿ. ಹಾಕಿಕೊಂಡವರು ಯಾರಾದರೂ ಇದ್ದೀರಾ? ಉಪಯೋಗ ಇದೆಯಾ, ಸುಮ್ನೆ ವ್ಯಾಪಾರವಾ?

ಜಯನಗರ_ಕೋಡರ್:
ಕಣ್ಣು ಮುಚ್ಚಿಕೊಂಡು ತಗೊಳ್ಳಿ ಸರ್. ನಾನು ಬ್ಲೂ ಕಟ್ ಹಾಕಲು ಶುರು ಮಾಡಿದ ಮೇಲೆ ಸಂಜೆ ತಲೆನೋವೇ ಇಲ್ಲ. ನಮ್ಮ ಟೀಮಿನಲ್ಲಿ ಮುಕ್ಕಾಲು ಪಾಲು ಜನ ಅದನ್ನೇ ಹಾಕುತ್ತಾರೆ.

ಪ್ರೆಸ್_ಮನೆ (ಗದಗ):
ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಸೈನ್ ಮಾಡುವವ. ನನ್ನ ಅನುಭವ ಬೇರೆ ಐತಿ. ಬ್ಲೂ ಕಟ್ ಹಾಕಿಸಿದೆ. ಕಣ್ಣುರಿ ಹೋಗಲಿಲ್ಲ, ಬಣ್ಣ ಮಾತ್ರ ಹೋಯಿತು. ಬಿಳಿ ಹಾಳೆ ಸಣ್ಣಗೆ ಹಳದಿ ಕಾಣುತ್ತದೆ. ಮದುವೆ ಪತ್ರಿಕೆಯ ಕೆನೆ ಬಣ್ಣ ಪರದೆ ಮೇಲೆ ಒಂದು, ಅಚ್ಚಾದ ಮೇಲೆ ಇನ್ನೊಂದು. ಗಿರಾಕಿ ಸುಮ್ನೆ ಬಿಡ್ತಾರಾ? ಈಗ ಅದನ್ನು ಗಾಡಿ ಓಡಿಸುವಾಗ ಹಾಕ್ತೀನಿ, ಧೂಳಿಗೆ ಚಲೋ ಐತಿ.

ಕಣ್ಣಳತೆ (ದಾವಣಗೆರೆ):
ನಾನು ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣಿನ ಪವರ್ ಪರೀಕ್ಷಿಸುವವ, ಕಣ್ಣಿನ ಡಾಕ್ಟರಲ್ಲ. ಅಂಗಡಿಯಲ್ಲೂ ಕೆಲಸ ಮಾಡಿದ್ದೇನೆ, ಆಸ್ಪತ್ರೆಯಲ್ಲೂ ಮಾಡಿದ್ದೇನೆ. ಲೆಕ್ಕಿಗ ಸರ್, ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ನೀವು ಆರಾಮಾಗಿ ಬೆನ್ನು ಒರಗಿಸಿ ಕೂತಾಗ ನಿಮ್ಮ ಕಣ್ಣಿನಿಂದ ಮಾನಿಟರ್‌ವರೆಗೆ ಎಷ್ಟು ದೂರ ಇದೆ, ಟೇಪ್ ಹಿಡಿದು ಅಳೆದು ಇಲ್ಲಿ ಬರೆಯಿರಿ. ಆಮೇಲೆ ಮಾತಾಡೋಣ.

ಅಲ್ಲಿಯವರೆಗೆ ಆ ಟಾರ್ಚಿನ ವಿಷಯ ಹೇಳಿಬಿಡುತ್ತೇನೆ. ಅಂಗಡಿಗಳಲ್ಲಿ ತೋರಿಸುವ ಆ ಪೆನ್ ಟಾರ್ಚಿನ ಬೆಳಕು ಸಾಮಾನ್ಯವಾಗಿ 405 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನದು. ಅಂದರೆ ನೇರಳೆ. ಎಲ್‌ಇಡಿ ಪರದೆಯಿಂದ ಬರುವ ನೀಲಿ ಬೆಳಕು ಜಾಸ್ತಿ ಇರುವುದು 450ರ ಹತ್ತಿರ. ಲೆನ್ಸು ಆ ನೇರಳೆಯನ್ನು ಪೂರ್ತಿ ತಡೆಯುತ್ತದೆ, ಲೆನ್ಸಿನ ಹಿಂದೆ ಹಿಡಿದ ಕಾರ್ಡಿನ ಮೇಲೆ ಏನೂ ಬೀಳುವುದಿಲ್ಲ, ಗಿರಾಕಿ ಬೆರಗಾಗುತ್ತಾನೆ. 450ರದ್ದನ್ನು ಅಷ್ಟೇ ಚೆನ್ನಾಗಿ ತಡೆದಿದ್ದರೆ ಲೆನ್ಸು ಕಿತ್ತಳೆ ಬಣ್ಣಕ್ಕೆ ಇರಬೇಕಿತ್ತು. ನೋಡಲು ಬಿಳಿ ಗಾಜಿನ ಹಾಗೇ ಇರುವ ಬ್ಲೂ ಕಟ್ ಲೆನ್ಸು ನೀಲಿಯಲ್ಲಿ ತಡೆಯುವುದು ಸುಮಾರು ಶೇ. 10ರಿಂದ 25 ಅಷ್ಟೇ. ಗದಗದ ಅಣ್ಣನಿಗೆ ಹಳದಿ ಕಂಡದ್ದು ಆ ಸ್ವಲ್ಪಕ್ಕೇ.

ಜಯನಗರ_ಕೋಡರ್:
ಶೇ. 25 ಆದರೂ ಕಡಿಮೆ ಆಯಿತಲ್ಲ ಗುರು? ನೀಲಿ ಬೆಳಕು ರೆಟಿನಾ ಸುಡುತ್ತದೆ ಅಂತ ಎಲ್ಲಾ ಕಡೆ ಬರೆದಿದ್ದಾರೆ.

ಕಣ್ಣಳತೆ (ದಾವಣಗೆರೆ):
ಎಲ್ಲಾ ಕಡೆ ಬರೆದವರಲ್ಲಿ ಲೆನ್ಸು ಮಾರುವವರೇ ಜಾಸ್ತಿ. ಒಮ್ಮೆ ಕಿಟಕಿ ಹೊರಗೆ ನೋಡಿ. ಪರದೆಯಿಂದ ನಮಗೆ ಸಿಗುವ ನೀಲಿ ಬೆಳಕು ಹಗಲಿನ ಬೆಳಕಿನಲ್ಲಿ ಸಿಗುವುದರ ಸುಮಾರು ಸಾವಿರದಲ್ಲಿ ಒಂದು ಪಾಲು. ಪರದೆಯ ನೀಲಿಯಿಂದ ರೆಟಿನಾ ಸುಡುವುದಾದರೆ ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ ನಿಂತವರ ಕಣ್ಣು ಎಂದೋ ಹೋಗಿರಬೇಕಿತ್ತು, ಅಲ್ವಾ?

ಈಗ ಕಣ್ಣುರಿಗೆ ಬರೋಣ. 2023ರ ಆಗಸ್ಟ್‌ನಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಇದರ ಮೇಲೆ ಒಂದು ವಿಮರ್ಶೆ ಪ್ರಕಟಿಸಿತು. ಮೆಲ್ಬರ್ನ್ ವಿಶ್ವವಿದ್ಯಾಲಯದ ಲಾರಾ ಡೌನಿ ಅವರ ತಂಡ 6 ದೇಶಗಳ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಬ್ಲೂ ಕಟ್ ಹಾಕಿದವರಿಗೂ ಮಾಮೂಲಿ ಲೆನ್ಸಿನವರಿಗೂ ಕಣ್ಣಿನ ಆಯಾಸದಲ್ಲಿ ವ್ಯತ್ಯಾಸ ಇರಲಿಕ್ಕಿಲ್ಲ ಅಂತ ಬಂತು. ಅಮೆರಿಕದ ಕಣ್ಣಿನ ಡಾಕ್ಟರುಗಳ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಆಫ್ತಾಲ್ಮಾಲಜಿ ಕೂಡ ಕಂಪ್ಯೂಟರಿಗೆ ಅಂತ ಇದನ್ನು ಶಿಫಾರಸು ಮಾಡುವುದಿಲ್ಲ.

ಜಯನಗರ_ಕೋಡರ್:
ಆ ಪ್ರಯೋಗಗಳೆಲ್ಲ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರದವು. ನಾನೂ ಓದಿದ್ದೇನೆ. ಒಂದರಲ್ಲಿ ಬರೀ 5 ಜನ. ಇದರ ಮೇಲೆ ತೀರ್ಪು ಹೇಗೆ ಕೊಡುತ್ತೀರಾ? ನನಗೆ ಗುಣ ಕಂಡಿದೆ, ಅದನ್ನು ಸುಳ್ಳು ಅನ್ನಬೇಕಾ?

ಕಣ್ಣಳತೆ (ದಾವಣಗೆರೆ):
ಚಿಕ್ಕ ಪ್ರಯೋಗಗಳು ಅನ್ನುವುದು ಸರಿಯಾದ ಮಾತು. ದೊಡ್ಡದರಲ್ಲೂ 156 ಜನ ಅಷ್ಟೇ. ಹತ್ತು ವರ್ಷ ಹಾಕಿದರೆ ಏನಾಗುತ್ತದೆ ಅಂತ ಅವು ಹೇಳಲಾರವು. ಆದರೆ ಅಂಗಡಿಯವರು ಲೆಕ್ಕಿಗ ಸರ್‌ಗೆ ಹೇಳಿದ್ದು ಹತ್ತು ವರ್ಷದ ಮಾತಲ್ಲವಲ್ಲ. ನಾಳೆ ಸಂಜೆಯ ಕಣ್ಣುರಿ ಹೋಗುತ್ತದೆ ಅಂದರು. ಅದಕ್ಕೆ ಎರಡು ಗಂಟೆಯ ಪ್ರಯೋಗವೂ ಉತ್ತರ ಕೊಡುತ್ತದೆ. 2021ರಲ್ಲಿ ಅದೇ ಮೆಲ್ಬರ್ನ್ ತಂಡ ಕಣ್ಣಿನ ಆಯಾಸ ಇರುವ 120 ಜನರನ್ನು ಎರಡು ಗಂಟೆ ಕಂಪ್ಯೂಟರ್ ಮುಂದೆ ಕೂರಿಸಿತ್ತು. ಅರ್ಧ ಜನಕ್ಕೆ ಬ್ಲೂ ಕಟ್, ಅರ್ಧ ಜನಕ್ಕೆ ಮಾಮೂಲಿ ಗಾಜು. ಯಾರಿಗೆ ಯಾವುದು ಅಂತ ಗೊತ್ತಿಲ್ಲ. ಇನ್ನೊಂದು ತಮಾಷೆ ಏನೆಂದರೆ, ಕೆಲವರಿಗೆ "ಈ ಲೆನ್ಸು ಒಳ್ಳೆಯದು" ಅಂತ ಹೊಗಳಿ ಕೊಟ್ಟರು, ಕೆಲವರಿಗೆ ಇದರಿಂದ ಅಂಥ ಲಾಭವಿಲ್ಲ ಅಂತ ಹೇಳಿ ಕೊಟ್ಟರು. ಹೊಗಳಿದರೂ ಅಷ್ಟೇ, ತೆಗಳಿದರೂ ಅಷ್ಟೇ. ಆಯಾಸದಲ್ಲಿ ವ್ಯತ್ಯಾಸ ಬರಲಿಲ್ಲ.

ನಿಮ್ಮ ತಲೆನೋವು ಹೋದದ್ದು ಸುಳ್ಳು ಅನ್ನುತ್ತಿಲ್ಲ. ಒಂದು ಪ್ರಶ್ನೆ: ಹೊಸ ಕನ್ನಡಕ ಮಾಡಿಸುವಾಗ ಪವರ್ ಕೂಡ ಬದಲಾಯಿತಾ? ಹಳೆಯದಕ್ಕೆ ಎಆರ್ ಕೋಟಿಂಗ್, ಅಂದರೆ ಬೆಳಕಿನ ಪ್ರತಿಫಲನ ತಗ್ಗಿಸುವ ಲೇಪ, ಇತ್ತಾ?

ಜಯನಗರ_ಕೋಡರ್:
ಪವರ್ ಬದಲಾಗಿತ್ತು. ಸಿಲಿಂಡರ್ (ಅಡ್ಡ, ಉದ್ದ ಗೆರೆಗಳು ಒಂದೇ ಸಮನೆ ಸ್ಪಷ್ಟವಾಗಿ ಕಾಣದ ದೋಷಕ್ಕೆ ಕೊಡುವ ಪವರ್) 0.75 ಹೊಸದಾಗಿ ಬಂತು. ಹಳೆಯದು ಕಾಲೇಜಿನಲ್ಲಿ ಮಾಡಿಸಿದ್ದು, ಕೋಟಿಂಗ್ ಎಲ್ಲ ಕಿತ್ತುಹೋಗಿತ್ತು. ಆದರೂ ಬ್ಲೂ ಕಟ್ಟೇ ಕಾರಣ ಅಂತ ನನ್ನ ಮನಸ್ಸು ಹೇಳುತ್ತದೆ.

ಕಣ್ಣಳತೆ (ದಾವಣಗೆರೆ):
ಮನಸ್ಸಿನ ಜೊತೆ ನಾನು ವಾದ ಮಾಡುವುದಿಲ್ಲ. ಆದರೆ 0.75 ಸಿಲಿಂಡರ್ ಸರಿಮಾಡದೆ ದಿನವಿಡೀ ಕೋಡ್ ನೋಡಿದರೆ ತಲೆ ನೋಯುವುದು ತೀರಾ ಸಾಮಾನ್ಯ. ಕೋಟಿಂಗ್ ಇಲ್ಲದ ಮಾಮೂಲಿ ಪ್ಲಾಸ್ಟಿಕ್ ಲೆನ್ಸು ಎರಡೂ ಮೈಯಿಂದ ಸೇರಿ ಸುಮಾರು ಶೇ. 8 ಬೆಳಕನ್ನು ವಾಪಸ್ ಎಸೆಯುತ್ತದೆ. ಒಳ್ಳೆಯ ಎಆರ್ ಕೋಟಿಂಗ್ ಇದ್ದರೆ ಅದು ಶೇ. 1ರ ಆಸುಪಾಸಿಗೆ ಇಳಿಯುತ್ತದೆ. ಹಿಂದಿನ ಟ್ಯೂಬ್‌ಲೈಟ್ ಕನ್ನಡಕದ ಒಳಮೈಯಲ್ಲಿ ಹೊಳೆದು ಕಣ್ಣಿಗೆ ಹೊಡೆಯುವುದು ತಪ್ಪುತ್ತದೆ. ನಾನು ಜಾಸ್ತಿ ದುಡ್ಡು ಹಾಕಿ ಅಂತ ಹೇಳುವುದು ಇದಕ್ಕೆ ಮಾತ್ರ.

ಸೊಸೈಟಿ_ಲೆಕ್ಕಿಗ (ಶಿವಮೊಗ್ಗ):
ಅಳೆದೆ ಸರ್. 70 ಸೆಂಟಿಮೀಟರ್.

ಕಣ್ಣಳತೆ (ದಾವಣಗೆರೆ):
ಅಲ್ಲೇ ಇದೆ ನೋಡಿ ವಿಷಯ.

+2 ಕನ್ನಡಕ ಅಂದರೆ 2 ಡಯಾಪ್ಟರ್ (ಲೆನ್ಸಿನ ಪವರ್ ಅಳೆಯುವ ಮಾನ). 1 ಮೀಟರನ್ನು 2ರಿಂದ ಭಾಗಿಸಿದರೆ 50 ಸೆಂಟಿಮೀಟರ್. ದೂರಕ್ಕೆ ಪವರ್ ಇಲ್ಲದವರು ಅದನ್ನು ಹಾಕಿಕೊಂಡರೆ ಸ್ಪಷ್ಟವಾಗಿ ಕಾಣುವುದು ಹೆಚ್ಚೆಂದರೆ 50 ಸೆಂಟಿಮೀಟರ್‌ವರೆಗೆ. ಅದರ ಆಚೆ ಮಂಜು. ನಿಮ್ಮ ಮಾನಿಟರ್ 70ರಲ್ಲಿದೆ. ಅದಕ್ಕೇ ನೀವು ಕತ್ತು ಮುಂದೆ ಚಾಚುತ್ತಿರುವುದು. ಆ 20 ಸೆಂಟಿಮೀಟರನ್ನು ದಿನವಿಡೀ ನಿಮ್ಮ ಕುತ್ತಿಗೆ ತುಂಬಿಕೊಡುತ್ತಿದೆ.

ಕನ್ನಡಕ ತೆಗೆದರೂ ಆಗುವುದಿಲ್ಲ. 70 ಸೆಂಟಿಮೀಟರ್ ನೋಡಲು ಕಣ್ಣೊಳಗಿನ ಮಸೂರ ಸುಮಾರು 1.4 ಡಯಾಪ್ಟರ್ ಬಿಗಿಹಿಡಿಯಬೇಕು. 20ರ ಹುಡುಗನಿಗೆ ಅದು ಲೆಕ್ಕಕ್ಕೇ ಇಲ್ಲ. 46ಕ್ಕೆ ಅಷ್ಟನ್ನು ಐದು ನಿಮಿಷ ಹಿಡಿಯಬಹುದು, ಎಂಟು ಗಂಟೆ ಹಿಡಿಯಲು ಹೋದರೆ ಹುಬ್ಬಿನ ಮೇಲೆ ಭಾರ ಬರುತ್ತದೆ. ನಿಮಗೆ ಬೇಕಾಗಿರುವುದು ಮಾನಿಟರ್ ದೂರಕ್ಕೆ ಅಳೆದ ಕಡಿಮೆ ಪ್ಲಸ್. ಬಹುಶಃ +1ರ ಆಸುಪಾಸು ಬರಬಹುದು, ಆದರೆ ಪರೀಕ್ಷೆ ಮಾಡಿಸದೆ ಬೇಡ. ನಿಜವಾದ ಕಂಪ್ಯೂಟರ್ ಕನ್ನಡಕ ಅಂದರೆ ಇದು. ಇದಕ್ಕೂ ಬ್ಲೂ ಕಟ್‌ಗೂ ಸಂಬಂಧವೇ ಇಲ್ಲ. ಅಂಗಡಿಯಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಮಾರುವುದರಿಂದ ಗೊಂದಲ.

ಕರಡು_ತಿದ್ದುವಾಕೆ (ಮೈಸೂರು):
ಇದನ್ನು ಯಾರೂ ಹೇಳುವುದಿಲ್ಲ ನೋಡಿ! ನನಗೆ 52. ದೂರ, ಹತ್ತಿರ ಎರಡಕ್ಕೂ ಒಂದೇ ಗಾಜಿರುವ ಪ್ರೊಗ್ರೆಸಿವ್ ಹಾಕುತ್ತೇನೆ. ಮಾನಿಟರ್ ನೋಡಲು ಗದ್ದ ಎತ್ತಿ, ಕನ್ನಡಕದ ಕೆಳಭಾಗದಿಂದ ನೋಡಬೇಕಿತ್ತು. ಕುತ್ತಿಗೆ ನೋವಿಗೆ ಫಿಸಿಯೋಥೆರಪಿ ಎಲ್ಲ ಆಯಿತು. ಕೊನೆಗೆ ಆಫೀಸಿಗೇ ಅಂತ ಬೇರೆ ಸಿಂಗಲ್ ವಿಷನ್ ಕನ್ನಡಕ ಮಾಡಿಸಿದೆ. ಪೂರ್ತಿ ಗಾಜು ಪರದೆ ದೂರಕ್ಕೇ. ಅದನ್ನು ಹಾಕಿಕೊಂಡು ರಸ್ತೆಗೆ ಇಳಿಯುವ ಹಾಗಿಲ್ಲ, ಅದೊಂದೇ ತಾಪತ್ರಯ.

ಇನ್ನೊಂದು ಮಾತು. ಕನ್ನಡ ಓದುವವರಿಗೆ ಅಕ್ಷರದ ಅಳತೆ ಬಹಳ ಮುಖ್ಯ. ಇಂಗ್ಲಿಷ್ 10 ಪಾಯಿಂಟಿನಲ್ಲಿ ಓದಬಹುದು. ನಮ್ಮ ಒತ್ತಕ್ಷರ ಆ ಅಳತೆಯಲ್ಲಿ ಚುಕ್ಕಿಯಾಗಿಬಿಡುತ್ತದೆ. ಪ ಯಾವುದು ಷ ಯಾವುದು, ಹೊಟ್ಟೆ ಸೀಳಿದೆಯೋ ಇಲ್ಲವೋ ಅಂತ ಕಣ್ಣು ಕಿರಿದು ಮಾಡಿ ನೋಡಬೇಕು. ನಾನು ಪುಟವನ್ನು 140ಕ್ಕೆ ಹಿಗ್ಗಿಸದೆ ಕರಡು ಮುಟ್ಟುವುದಿಲ್ಲ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಪ್ರೆಸ್_ಮನೆ (ಗದಗ):
ಅಕ್ಕಾವ್ರ ಮಾತು ನೂರಕ್ಕೆ ನೂರು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲ್ ತೆಗೆದರೆ ಅರ್ಕಾವತ್ತು ಹುಡುಕುವುದರಲ್ಲೇ ಅರ್ಧ ಕಣ್ಣು ಹೋಗುತ್ತದೆ.

ಥೇಮ್ಸ್_ದಡದವ (ಇಂಗ್ಲೆಂಡ್):
ಇಲ್ಲಿನ ಒಂದು ಸಂಗತಿ ಸೇರಿಸುತ್ತೇನೆ. 2015ರಲ್ಲಿ ಬೂಟ್ಸ್ ಆಪ್ಟಿಷಿಯನ್ಸ್ ಅನ್ನುವ ದೊಡ್ಡ ಕನ್ನಡಕದ ಕಂಪನಿಯ ಜಾಹೀರಾತಿನ ಮೇಲೆ ದೂರು ಹೋಯಿತು. ಫೋನು, ಟಿವಿಯ ನೀಲಿ ಬೆಳಕು ಕಾಲಕ್ರಮೇಣ ರೆಟಿನಾ ಹಾಳು ಮಾಡುತ್ತದೆ, ನಮ್ಮ ಲೆನ್ಸು ಕಾಪಾಡುತ್ತದೆ ಅಂತ ಅದರಲ್ಲಿ ಇತ್ತು. ಇಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ ಪುರಾವೆ ಕೇಳಿತು. ಕೊಟ್ಟದ್ದು ಸಾಲಲಿಲ್ಲ. ಜಾಹೀರಾತು ದಾರಿ ತಪ್ಪಿಸುವಂಥದ್ದು ಅಂತ ತೀರ್ಮಾನವಾಯಿತು. 2017ರಲ್ಲಿ, ಇಲ್ಲಿ ಕನ್ನಡಕದ ವೃತ್ತಿಯನ್ನು ನಿಯಂತ್ರಿಸುವ ಜನರಲ್ ಆಪ್ಟಿಕಲ್ ಕೌನ್ಸಿಲ್ ಆ ಕಂಪನಿಗೆ 40,000 ಪೌಂಡ್ ದಂಡ ಹಾಕಿತು. ಆದರೂ ಇವತ್ತಿಗೂ ಇಲ್ಲಿ ಬ್ಲೂ ಕಟ್ ಮಾರಾಟ ಜೋರಾಗಿದೆ. "ಕಾಪಾಡುತ್ತದೆ" ಅನ್ನುವ ಕಡೆ "ಆರಾಮ ಕೊಡಬಹುದು" ಅಂತ ಬರೆಯುತ್ತಾರೆ ಅಷ್ಟೇ.

ಮಲೆನಾಡ_ಅತ್ತಿಗೆ:
ಇಷ್ಟೆಲ್ಲ ಯಾಕೆ? ರಾತ್ರಿ ನಂದಿಬಟ್ಟಲು ಹೂವು ನೀರಲ್ಲಿ ನೆನೆಸಿ ಕಣ್ಣಿಗೆ ಇಟ್ಟುಕೊಳ್ಳಿ. ನಮ್ಮ ಅತ್ತೆ 80 ದಾಟಿದರೂ ಸೂಜಿಗೆ ದಾರ ಪೋಣಿಸುತ್ತಿದ್ದರು.

ಕಣ್ಣಳತೆ (ದಾವಣಗೆರೆ):
ಅತ್ತಿಗೆ, ಮುಚ್ಚಿದ ರೆಪ್ಪೆ ಮೇಲೆ ತಂಪಾಗಿ ಇಟ್ಟುಕೊಂಡರೆ ತೊಂದರೆ ಇಲ್ಲ, ಹಿತವಾಗಿಯೇ ಇರುತ್ತದೆ. ಆದರೆ ಹೂವಿನ ರಸ, ಹರಳೆಣ್ಣೆ, ಜೇನುತುಪ್ಪ ಯಾವುದನ್ನೂ ಕಣ್ಣೊಳಗೆ ಹಾಕಬೇಡಿ. ಹಾಗೆ ಹಾಕಿಕೊಂಡು ಸೋಂಕು ತಗುಲಿಸಿಕೊಂಡು ಬಂದವರನ್ನು ಆಸ್ಪತ್ರೆಯಲ್ಲಿ ನೋಡಿದ್ದೇನೆ.

ಉರಿಯ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಮಂಜು ಮತ್ತು ಭಾರ ಪವರ್‌ನಿಂದ ಬರಬಹುದು. ಉರಿ, ಮರಳು ಬಿದ್ದ ಹಾಗೆ ಚುಚ್ಚುವುದು, ಇದ್ದಕ್ಕಿದ್ದ ಹಾಗೆ ನೀರು ಸುರಿಯುವುದು ಹೆಚ್ಚಾಗಿ ಕಣ್ಣು ಒಣಗುವುದರಿಂದ. ಸುಮ್ನೆ ಕೂತು ಮಾತಾಡುವಾಗ ನಾವು ನಿಮಿಷಕ್ಕೆ 15 ಸಲದ ಆಸುಪಾಸು ರೆಪ್ಪೆ ಮಿಟುಕಿಸುತ್ತೇವೆ. ಪರದೆ ನೋಡುವಾಗ ಅದು 5ರಿಂದ 7ಕ್ಕೆ ಇಳಿಯುತ್ತದೆ. ಮಿಟುಕಿಸಿದರೂ ಅರ್ಧಂಬರ್ಧ, ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟುವುದೇ ಇಲ್ಲ. ಕಣ್ಣಿನ ಕೆಳಭಾಗ ಒಣಗಿ ಕೂರುತ್ತದೆ. ಮೇಲಿಂದ ಫ್ಯಾನೋ ಎಸಿಯೋ ಮುಖಕ್ಕೇ ಬೀಸುತ್ತಿದ್ದರೆ ಕೇಳುವುದೇ ಬೇಡ. ಈ ಕೆಲಸವನ್ನು ಯಾವ ಗಾಜೂ ನಿಮ್ಮ ಬದಲು ಮಾಡುವುದಿಲ್ಲ.

ಮಾನಿಟರ್ ಎತ್ತರ ಇಳಿಸಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಲಿ. ಕೆಳಗೆ ನೋಡುವಾಗ ರೆಪ್ಪೆ ಅರ್ಧ ಇಳಿದಿರುತ್ತದೆ, ಕಣ್ಣೀರು ಆರುವುದು ಕಡಿಮೆ. ಮಾನಿಟರ್ ಕೆಳಗೆ ಹಳೆಯ ಲೆಡ್ಜರ್ ಪುಸ್ತಕ ಜೋಡಿಸಿ ಎತ್ತರ ಮಾಡಿಕೊಂಡಿರುವ ಆಫೀಸುಗಳು ಬಹಳ ಇವೆ. ನಿಮ್ಮದೂ ಹಾಗೇನಾ?

ಸೊಸೈಟಿ_ಲೆಕ್ಕಿಗ (ಶಿವಮೊಗ್ಗ):
ಹೌದು ಸರ್! ಮೂರು ಲೆಡ್ಜರ್ ಇವೆ. ಫ್ಯಾನ್ ಕೂಡ ನೇರ ನೆತ್ತಿ ಮೇಲೆ. ನೀವು ನಮ್ಮ ಆಫೀಸಿಗೆ ಬಂದು ಹೋಗಿದ್ದೀರಾ ಹೇಗೆ?

ಎರಡು_ಮಕ್ಕಳ_ಅಮ್ಮ (ಬೆಂಗಳೂರು):
ಮಧ್ಯೆ ಒಂದು ಪ್ರಶ್ನೆ. ಮಗನಿಗೆ 8 ವರ್ಷ. ಟ್ಯಾಬ್ ಜಾಸ್ತಿ ನೋಡುತ್ತಾನೆ. ಮೈನಸ್ 1 ಬಂದಿದೆ. ಬ್ಲೂ ಕಟ್ ಹಾಕಿಸಿದರೆ ಪವರ್ ಏರುವುದಿಲ್ಲ ಅಂದರು ಅಂಗಡಿಯಲ್ಲಿ.

ಕಣ್ಣಳತೆ (ದಾವಣಗೆರೆ):
ಹಾಗೆ ಹೇಳಲು ಪುರಾವೆ ಇಲ್ಲ ಮೇಡಂ. ಮಕ್ಕಳ ವಿಷಯದಲ್ಲಿ ಗಟ್ಟಿಯಾಗಿ ಗೊತ್ತಿರುವುದು ಬಿಸಿಲು. ತೈವಾನ್‌ನಲ್ಲಿ 2010ರಿಂದ ಶಾಲೆ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳಿಸುವ ಕಾರ್ಯಕ್ರಮ ಇದೆ. ಚೀನಾದ ಗುವಾಂಗ್‌ಝೌನಲ್ಲಿ 12 ಶಾಲೆಗಳಲ್ಲಿ ಪ್ರಯೋಗ ಮಾಡಿದರು. ಅರ್ಧ ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೊರಗಿನ ಪೀರಿಯಡ್ ಸೇರಿಸಿದರು. ಮೂರು ವರ್ಷದ ನಂತರ ಹೊಸದಾಗಿ ಮೈನಸ್ ಬಂದ ಮಕ್ಕಳು ಅಲ್ಲಿ ಶೇ. 30.4, ಉಳಿದ ಶಾಲೆಗಳಲ್ಲಿ ಶೇ. 39.5. ಅದು 2015ರಲ್ಲಿ ಪ್ರಕಟವಾಯಿತು.

ನಿಮ್ಮ ಮಗನಿಗೆ ಈಗಾಗಲೇ ಮೈನಸ್ ಬಂದಿರುವುದರಿಂದ ಅಂಗಡಿ ಪರೀಕ್ಷೆ ಸಾಲದು. ಡ್ರಾಪ್ಸ್ ಹಾಕಿ ಪರೀಕ್ಷೆ ಮಾಡುವ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪವರ್ ಏರುವ ವೇಗ ತಗ್ಗಿಸಲು ಅವರ ಬಳಿ ಬೇರೆ ದಾರಿಗಳಿವೆ. ಮಿಂಟೋ ಆಸ್ಪತ್ರೆ ನಿಮ್ಮ ಊರಲ್ಲೇ ಇದೆ. ಸರ್ಕಾರಿ ಆಸ್ಪತ್ರೆ, ಸರದಿ ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ.

ನೈಟ್_ಶಿಫ್ಟ್_ನಾಗ:
ರಾತ್ರಿ ಹೊತ್ತಿಗಾದರೂ ಬ್ಲೂ ಕಟ್ ಬೇಕಲ್ವಾ? ನೀಲಿ ಬೆಳಕಿಂದ ನಿದ್ದೆ ಕೆಡುತ್ತದೆ ಅಂತಾರೆ.

ಕಣ್ಣಳತೆ (ದಾವಣಗೆರೆ):
ರಾತ್ರಿಯ ಬೆಳಕು, ಅದರಲ್ಲೂ ನೀಲಿ ಅಂಶ, ನಿದ್ದೆಯ ಹಾರ್ಮೋನು ಮೆಲಟೋನಿನ್ ಅನ್ನು ತಗ್ಗಿಸುತ್ತದೆ ಅನ್ನುವುದು ನಿಜ. ಆದರೆ ಕಾಲು ಭಾಗವನ್ನೂ ತಡೆಯದ ಬಿಳಿ ಲೆನ್ಸಿನಿಂದ ನಿದ್ದೆ ಸುಧಾರಿಸುತ್ತದೆ ಅಂತ ಆ ಕಾಕ್ರೇನ್ ವಿಮರ್ಶೆಯಲ್ಲೂ ತೀರ್ಮಾನಕ್ಕೆ ಬರಲಾಗಲಿಲ್ಲ. ಒಂದು ಪ್ರಯೋಗ ಹೌದು ಅಂದರೆ ಇನ್ನೊಂದು ಇಲ್ಲ ಅನ್ನುತ್ತದೆ. ಮಲಗುವ ಮುಂಚೆ ಪರದೆಯ ಬ್ರೈಟ್‌ನೆಸ್ ಇಳಿಸಿ, ಫೋನಿನ ನೈಟ್ ಮೋಡ್ ಹಾಕಿ. ಎರಡೂ ಬಿಟ್ಟಿ.

ಜಯನಗರ_ಕೋಡರ್:
20-20-20 ಬಗ್ಗೆ ಯಾರೂ ಹೇಳಲಿಲ್ಲ? 20 ನಿಮಿಷಕ್ಕೊಮ್ಮೆ, 20 ಅಡಿ ದೂರ, 20 ಸೆಕೆಂಡ್. ನಮ್ಮ ಆಫೀಸಿನಲ್ಲಿ ಗೋಡೆ ಮೇಲೆಲ್ಲ ಅಂಟಿಸಿದ್ದಾರೆ.

ಕಣ್ಣಳತೆ (ದಾವಣಗೆರೆ):
ಅದನ್ನು ಹೇಳಿಕೊಟ್ಟವರು ಕ್ಯಾಲಿಫೋರ್ನಿಯಾದ ಆಪ್ಟೋಮೆಟ್ರಿಸ್ಟ್ ಜೆಫ್ರಿ ಆನ್ಶೆಲ್. ನೆನಪಿಡಲು ಸುಲಭ, ಅದಕ್ಕೇ ಹಬ್ಬಿತು. ಆ ಮೂರು 20ರಲ್ಲಿ ಮಂತ್ರವೇನೂ ಇಲ್ಲ. 2023ರಲ್ಲಿ ಬಂದ ಒಂದು ಚಿಕ್ಕ ಅಧ್ಯಯನದಲ್ಲಿ 20 ಸೆಕೆಂಡಿನ ಬಿಡುವು ಕೊಟ್ಟರೂ ಆಯಾಸದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ಅಭಿಪ್ರಾಯದಲ್ಲಿ 20 ಸೆಕೆಂಡ್ ತೀರಾ ಕಡಿಮೆ. ಎದ್ದು ಹೋಗಿ ನೀರು ಕುಡಿದು, ಕಿಟಕಿ ಹತ್ತಿರ ನಿಂತು ಬನ್ನಿ. ಟೀ ಅಂಗಡಿಗೆ ಹೋದರೂ ಸರಿ, ಅಲ್ಲಿ ಮತ್ತೆ ಫೋನ್ ತೆಗೆಯಬೇಡಿ. ಫೋನನ್ನು ನಾವು 30-35 ಸೆಂಟಿಮೀಟರಿನಲ್ಲಿ ಹಿಡಿಯುತ್ತೇವೆ. ಕಣ್ಣಿಗೆ ಅದು ಮಾನಿಟರಿಗಿಂತ ದುಪ್ಪಟ್ಟು ಕೆಲಸ.

ಸೊಸೈಟಿ_ಲೆಕ್ಕಿಗ (ಶಿವಮೊಗ್ಗ):
ಮೆಡಿಕಲ್ ಶಾಪಿನಲ್ಲಿ ಕಣ್ಣುರಿ ಅಂದರೆ ಒಂದು ಡ್ರಾಪ್ಸ್ ಕೊಡುತ್ತಾರೆ. ಹಾಕಿದ ತಕ್ಷಣ ಕೆಂಪು ಹೋಗುತ್ತದೆ. ಅದು ಹಾಕಬಹುದಾ?

ಕಣ್ಣಳತೆ (ದಾವಣಗೆರೆ):
ಅದನ್ನು ಹಾಕಬೇಡಿ. ಕೆಂಪು ತೆಗೆಯುವ ಡ್ರಾಪ್ಸ್ ರಕ್ತನಾಳಗಳನ್ನು ಕುಗ್ಗಿಸುತ್ತದೆ ಅಷ್ಟೇ. ದಿನಾ ಹಾಕಿದರೆ, ಬಿಟ್ಟಾಗ ಮೊದಲಿಗಿಂತ ಜಾಸ್ತಿ ಕೆಂಪಾಗುತ್ತದೆ. ಕೆಲವು ಅಂಗಡಿಗಳಲ್ಲಿ ಚೀಟಿ ಇಲ್ಲದೆ ಸ್ಟಿರಾಯ್ಡ್ ಇರುವ ಡ್ರಾಪ್ಸ್ ಕೊಟ್ಟುಬಿಡುತ್ತಾರೆ. ಅದು ಇನ್ನೂ ಅಪಾಯ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿ ನರ ಹಾಳಾಗುವ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಒಣಗುವುದಕ್ಕೆ ಬೇಕಾದದ್ದು ಕೃತಕ ಕಣ್ಣೀರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಂತ ಬಾಟಲಿ ಮೇಲೆ ಬರೆದಿರುತ್ತದೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ, ಡಾಕ್ಟರಿಗೂ ತೋರಿಸಿ.

ನಿಮ್ಮದು 40 ದಾಟಿದ ವಯಸ್ಸು. ಹೋದಾಗ ಕಣ್ಣಿನ ಒತ್ತಡವನ್ನೂ ನೋಡಿಸಿ. ಗ್ಲಾಕೋಮಾ ಮೊದಮೊದಲು ನೋವಿಲ್ಲದೆ ಬರುತ್ತದೆ. ಶುಗರ್ ಇದ್ದರೆ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ತಪ್ಪಿಸಬೇಡಿ. ಮಿಂಚು ಹೊಡೆದ ಹಾಗೆ ಕಾಣುವುದು, ಕಣ್ಣೆದುರು ಕಪ್ಪು ತೆರೆ ಇಳಿದ ಹಾಗಾಗುವುದು, ಒಂದೇ ಕಣ್ಣು ದಿಢೀರ್ ಮಂಜಾಗುವುದು ಕಂಪ್ಯೂಟರ್ ಆಯಾಸ ಅಲ್ಲವೇ ಅಲ್ಲ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಕರಡು_ತಿದ್ದುವಾಕೆ (ಮೈಸೂರು):
ಲೆಕ್ಕಿಗ ಸರ್, ಅಂಗಡಿಗೆ ಹೋಗುವಾಗ 70 ಅನ್ನುವ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಷಿನ್ ಒಳಗೆ ಗದ್ದ ಇಡಿಸಿ ಬಲೂನ್ ತೋರಿಸಿ, "ಮುಗೀತು ಮೇಡಂ" ಅಂತ ಕಳಿಸಿಬಿಡುತ್ತಾರೆ. ಒಪ್ಪಬೇಡಿ. ಟ್ರಯಲ್ ಫ್ರೇಮಿನಲ್ಲಿ ಗಾಜು ಹಾಕಿಸಿಕೊಂಡು ಅವರ ಬಿಲ್ಲಿಂಗ್ ಕಂಪ್ಯೂಟರನ್ನೇ ಅಷ್ಟು ದೂರದಿಂದ ಓದಿ ನೋಡಿ. ನಾನು ಹಾಗೇ ಮಾಡಿದೆ. ಅಂಗಡಿಯವರು ಮುಖ ಸಿಂಡರಿಸಿದರು, ಪವರ್ ಮಾತ್ರ ಸರಿಯಾಗಿ ಬಂತು.

ಸೊಸೈಟಿ_ಲೆಕ್ಕಿಗ (ಶಿವಮೊಗ್ಗ):
ಸರಿ ಅಕ್ಕ. ಲೆಡ್ಜರ್ ಇವತ್ತೇ ತೆಗೆದೆ. ಮಾನಿಟರ್ ಕೆಳಗೆ ಬಂತು, ಫ್ಯಾನಿನ ಕೆಳಗಿಂದ ಮೇಜನ್ನೂ ಸ್ವಲ್ಪ ಸರಿಸಿದೆ. ಶನಿವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆ. ಒಂದೇ ಅನುಮಾನ. ಈಗ ಕೆಲವು ಅಂಗಡಿಗಳಲ್ಲಿ ಎಆರ್ ಕೇಳಿದರೆ ಬ್ಲೂ ಕಟ್ ಸೇರಿಸಿಯೇ ಕೊಡುತ್ತಾರಂತೆ. ಬೇರೆ ಸಿಗುವುದಿಲ್ಲವಂತೆ. ಆಗ ಏನು ಮಾಡಲಿ?

ಕಣ್ಣಳತೆ (ದಾವಣಗೆರೆ):
ಅದೇ ಬೆಲೆಗೆ ಕೊಟ್ಟರೆ ತಗೊಳ್ಳಿ, ಕಣ್ಣಿಗೆ ಕೆಡುಕೇನಿಲ್ಲ. ಬಣ್ಣದ ಕೆಲಸ ನಿಮ್ಮದಲ್ಲವಲ್ಲ. ಅದಕ್ಕೇ ಅಂತ ಮೇಲೆ ದುಡ್ಡು ಕೇಳಿದರೆ ಬರೀ ಎಆರ್ ಕೊಡಿ ಅನ್ನಿ. ಗಾಜು ಬೆಳಕಿಗೆ ಹಿಡಿದಾಗ ಹಸಿರು ಹೊಳಪು ಕಂಡರೆ ಹೆಚ್ಚಾಗಿ ಮಾಮೂಲಿ ಎಆರ್, ನೀಲಿ-ನೇರಳೆ ಹೊಳಪು ಇದ್ದರೆ ಹೆಚ್ಚಾಗಿ ಬ್ಲೂ ಕಟ್. ಬಿಲ್ಲಿನಲ್ಲಿ ಯಾವುದು ಅಂತ ಬರೆಸಿಕೊಳ್ಳಿ.

ಪ್ರೆಸ್_ಮನೆ (ಗದಗ):
ಬಣ್ಣದ ಕೆಲಸ ಇರುವವರು ಹಸಿರು ಹೊಳಪಿನದೇ ಕೇಳ್ರಿ. ನನ್ನ ಹಳೆಯದು ಯಾರಿಗಾದರೂ ಬೇಕಾದರೆ ಫ್ರೇಮ್ ಚಲೋ ಐತಿ, ಗಾಜು ಬದಲಿಸಿಕೊಳ್ಳಬಹುದು.